ಎನ್30ರಿಂದ ಶುರು ಮಾಡಿದರೆ ಟೂಲ್ ಎಲ್ಲಿಗೆ ಹೋಗುತ್ತದೆ? ಜಿ-ಕೋಡ್ ಓದುವುದು ಹೇಗೆ?

ಟ್ರೇನಿ_ವಿಎಂಸಿ

ಎಲ್ಲರಿಗೂ ನಮಸ್ಕಾರ. ವಿಎಂಸಿ ಮಷಿನ್ (ಕಂಪ್ಯೂಟರ್ ಓಡಿಸುವ ಮಿಲ್ಲಿಂಗ್ ಮಷಿನ್) ಮೇಲೆ ಕೆಲಸ ಕಲಿಯುತ್ತಿದ್ದೇನೆ. ಮಷಿನ್‌ಗೆ ಆದೇಶ ಕೊಡುವ ಜಿ-ಕೋಡ್, ಎಂ-ಕೋಡ್ ಪಟ್ಟಿ ಬಾಯಿಪಾಠ ಆಗಿದೆ. ಜಿ00 ರ‍್ಯಾಪಿಡ್, ಜಿ01 ಫೀಡ್‌ನಲ್ಲಿ ನೇರ ಕಟ್, ಜಿ02 ಜಿ03 ಆರ್ಕ್, ಎಂ03 ಸ್ಪಿಂಡಲ್, ಎಂ08 ಕೂಲಂಟ್, ಯಾವುದನ್ನು ಕೇಳಿದರೂ ಹೇಳುತ್ತೇನೆ. ಆದರೆ ಪೂರ್ತಿ ಪ್ರೋಗ್ರಾಂ ಮುಂದಿಟ್ಟು, ಟೂಲ್ ಈಗ ಎಲ್ಲಿದೆ, ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಹೇಳೋಕೆ ಆಗುತ್ತಿಲ್ಲ.

ನಮ್ಮ ಸೀನಿಯರ್ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟು ಪ್ರಶ್ನೆ ಕೇಳಿದ್ದಾರೆ. 8.5 ಎಂಎಂ ಡ್ರಿಲ್, ಜಾಬ್‌ನಲ್ಲಿ (ಕೊರೆಯುವ ತುಂಡಿನಲ್ಲಿ) ನಾಲ್ಕು ಹೋಲ್. ಜಾಬ್‌ನ ಎಡಗಡೆ ಮುಂದಿನ ಮೂಲೆ ಎಕ್ಸ್, ವೈ ಝೀರೋ. ಜಾಬ್‌ನ ಮೇಲ್ಮೈ ಝಡ್ ಝೀರೋ. ಕಂಟ್ರೋಲ್ (ಮಷಿನ್ ಓಡಿಸುವ ಕಂಪ್ಯೂಟರ್) ಫ್ಯಾನಕ್ ಕಂಪನಿಯದು.

ಎನ್10 ಜಿ17 ಜಿ21 ಜಿ40 ಜಿ49 ಜಿ80 ಜಿ90
ಎನ್20 ಟಿ2 ಎಂ06
ಎನ್30 ಜಿ54 ಜಿ00 ಎಕ್ಸ್0 ವೈ0 ಎಸ್1000 ಎಂ03
ಎನ್40 ಜಿ43 ಎಚ್2 ಝಡ್50. ಎಂ08
ಎನ್50 ಜಿ99 ಜಿ81 ಎಕ್ಸ್15. ವೈ15. ಝಡ್-12. ಆರ್3. ಎಫ್100
ಎನ್60 ಎಕ್ಸ್65.
ಎನ್70 ವೈ45.
ಎನ್80 ಎಕ್ಸ್15.
ಎನ್90 ಜಿ80 ಎಂ09
ಎನ್100 ಜಿ91 ಜಿ28 ಝಡ್0 ಎಂ05
ಎನ್110 ಎಂ30

ಪ್ರಶ್ನೆ ಇಷ್ಟು. ಪ್ರೋಗ್ರಾಂ ಒಮ್ಮೆ ಸರಿಯಾಗಿ ಓಡಿ ಎನ್100 ಮುಗಿದಿದೆ. ಈಗ ರೀಸೆಟ್ ಒತ್ತಿ, ಕರ್ಸರ್ ಎನ್30 ಮೇಲೆ ಇಟ್ಟು ಸೈಕಲ್ ಸ್ಟಾರ್ಟ್ ಕೊಟ್ಟರೆ ಏನಾಗುತ್ತದೆ? ಸ್ಪಿಂಡಲ್‌ನಲ್ಲಿ ಅದೇ ಡ್ರಿಲ್ ಇದೆ, ಸೆಟ್ಟಿಂಗ್ ಅದೇ. ಒಂದು ಸುಳಿವನ್ನೂ ಕೊಟ್ಟಿದ್ದಾರೆ: ಈ ಮಷಿನ್‌ನಲ್ಲಿ ರೀಸೆಟ್ ಒತ್ತಿದರೆ ಲೆಂತ್ ಆಫ್‌ಸೆಟ್ (ಟೂಲ್ ಉದ್ದದ ಲೆಕ್ಕ, ಜಿ43 ಎಚ್2) ಮಾತ್ರ ರದ್ದಾಗುತ್ತದೆ, ಬೇರೆ ಜಿ-ಕೋಡ್‌ಗಳು ಹಾಗೇ ಉಳಿಯುವಂತೆ ಪ್ಯಾರಾಮೀಟರ್ ಇಟ್ಟಿದ್ದಾರೆ.

ನನಗೆ ಕಾಣುವುದು, ಅದೇ ಹೋಲ್‌ಗಳ ಮೇಲೆ ಡ್ರಿಲ್ ಮತ್ತೆ ಇಳಿಯುತ್ತದೆ. ಅವರು ಅಲ್ಲ ಅನ್ನುತ್ತಾರೆ. ಜೊತೆಗೆ ಇನ್ನೊಂದು ಅನುಮಾನ. ಎನ್60ರಲ್ಲಿ ಬರೀ ಎಕ್ಸ್65. ಇದೆ. ಅಷ್ಟಕ್ಕೇ ಪೂರ್ತಿ ಹೋಲ್ ಹೇಗೆ ಬೀಳುತ್ತದೆ?

ಸೆಟ್ಟರ್_ಶಿಫ್ಟ್2

ನಿಮ್ಮ ಸೀನಿಯರ್ ಒಳ್ಳೆಯವರು ಸಿಕ್ಕಿದ್ದಾರೆ. ಇಂಥ ಪ್ರಶ್ನೆ ಕೇಳುವವರು ಕಡಿಮೆ.

ಎರಡನೇ ಅನುಮಾನ ಮೊದಲು, ಯಾಕಂದರೆ ಅದರಲ್ಲೇ ಮೊದಲನೆಯದರ ದಾರಿ ಇದೆ. ಜಿ-ಕೋಡ್‌ಗಳಲ್ಲಿ ಹೆಚ್ಚಿನವು ಮೋಡಲ್. ಲೈಟಿನ ಸ್ವಿಚ್ ಇದ್ದ ಹಾಗೆ, ಒಮ್ಮೆ ಹಾಕಿದರೆ ಯಾರಾದರೂ ಆರಿಸುವವರೆಗೂ ಉರಿಯುತ್ತಲೇ ಇರುತ್ತದೆ. ಎನ್50ರಲ್ಲಿ ಡ್ರಿಲ್ ಸೈಕಲ್ ಜಿ81 ಹಾಕಿದ್ದಾರೆ, ಅದನ್ನು ಆರಿಸುವುದು ಎನ್90ರ ಜಿ80. ಅವೆರಡರ ನಡುವೆ ಎಕ್ಸ್ ಅಥವಾ ವೈ ಬಂದ ಪ್ರತಿ ಸಾಲೂ ಒಂದು ಹೋಲ್. ಆಳ, ಆರ್ ಎತ್ತರ (ಡ್ರಿಲ್ ಫೀಡ್‌ನಲ್ಲಿ ಇಳಿಯೋಕೆ ಶುರು ಮಾಡುವ ಎತ್ತರ), ಫೀಡ್ ಎಲ್ಲ ಕಂಟ್ರೋಲ್‌ನ ನೆನಪಿನಲ್ಲೇ ಇವೆ. ಎನ್60 ನೋಡೋಕೆ ಒಂದೇ ಪದ, ಆದರೆ ಮಷಿನ್ ಅದನ್ನು ಓದುವುದು ಹೀಗೆ: ಜಿ90, ಜಿ54, ಜಿ21, ಜಿ43 ಎಚ್2, ಜಿ99, ಜಿ81, ಎಕ್ಸ್65., ವೈ ಇದ್ದಲ್ಲೇ, ಝಡ್-12., ಆರ್3., ಎಫ್100, ಸ್ಪಿಂಡಲ್ 1000 ಆರ್‌ಪಿಎಂನಲ್ಲಿ ಬಲಕ್ಕೆ ತಿರುಗುತ್ತಿದೆ.

ಅಂದರೆ ಕಾಗದದ ಮೇಲೆ ಇರುವುದು ಬದಲಾದ ವಿಷಯ ಮಾತ್ರ. ಬದಲಾಗದೇ ಉಳಿದದ್ದನ್ನು ನೀವು ತಲೆಯಲ್ಲಿ ಇಟ್ಟುಕೊಳ್ಳಬೇಕು. ಪಟ್ಟಿ ಬಾಯಿಪಾಠ ಮಾಡಿದವರಿಗೆ ಪ್ರೋಗ್ರಾಂ ಓದೋಕೆ ಬಾರದಿರುವುದು ಇದಕ್ಕೇ. ಒಂದೊಂದು ಸಾಲನ್ನೂ ಅಷ್ಟಕ್ಕೇ ಓದುತ್ತಾರೆ.

ಹೀಗೆ ಮಾಡಿ. ಒಂದು ಹಾಳೆಯಲ್ಲಿ ಕಾಲಂ ಎಳೆಯಿರಿ. ಚಲನೆ (ಜಿ00, 01, 02, 03), ಅಬ್ಸೊಲ್ಯೂಟ್ ಅಥವಾ ಇನ್‌ಕ್ರಿಮೆಂಟಲ್ (ಜಿ90 ಝೀರೋದಿಂದ ಅಳತೆ, ಜಿ91 ಇದ್ದ ಜಾಗದಿಂದ ಅಳತೆ), ಪ್ಲೇನ್ (ಜಿ17, 18, 19), ಎಂಎಂ ಅಥವಾ ಇಂಚು, ವರ್ಕ್ ಆಫ್‌ಸೆಟ್ (ಜಾಬ್‌ನ ಝೀರೋ ಎಲ್ಲಿದೆ, ಜಿ54), ಲೆಂತ್ ಆಫ್‌ಸೆಟ್, ಸೈಕಲ್, ಸ್ಪಿಂಡಲ್, ಫೀಡ್. ಪ್ರತಿ ಸಾಲು ಮುಗಿದ ಮೇಲೆ ಯಾವ ಕಾಲಂ ಬದಲಾಯಿತೋ ಅದನ್ನಷ್ಟೇ ತಿದ್ದಿ. ಒಂದು ಕಾಲಂನಲ್ಲಿ ಒಂದೇ ಕೋಡ್ ಇರುತ್ತದೆ, ಹೊಸದು ಬಂದರೆ ಹಳೆಯದು ಹೊರಗೆ. ಬೇರೆ ಬೇರೆ ಕಾಲಂನವು ಒಟ್ಟಿಗೆ ಇರುತ್ತವೆ. ಜಿ04 (ಸ್ವಲ್ಪ ಹೊತ್ತು ನಿಲ್ಲು), ಜಿ28 (ಹೋಮ್‌ಗೆ ಹೋಗು), ಜಿ53 (ಮಷಿನ್ ಕೋಆರ್ಡಿನೇಟ್) ಇವು ಮೋಡಲ್ ಅಲ್ಲ, ಆ ಸಾಲಿಗಷ್ಟೇ.

ಈಗ ಎನ್100 ನೋಡಿ. ಅದರಲ್ಲಿ ಸಾಲಿನ ಜೊತೆಗೇ ಮುಗಿದುಹೋಗುವುದು ಯಾವುದು, ಉಳಿದುಕೊಳ್ಳುವುದು ಯಾವುದು? ಪೂರ್ತಿ ಉತ್ತರ ನಾನು ಹೇಳುವುದಿಲ್ಲ. ನೀವೇ ಬರೆದು ಇಲ್ಲಿ ಹಾಕಿ.

ಕ್ಯಾಮ್_ಟೇಬಲ್

ಸೆಟ್ಟರ್ ಅವರು ಹೇಳಿದ್ದು ಸರಿ. ಆದರೆ ಹೊಸಬರಿಗೆ ಇಷ್ಟು ಭಾರ ಬೇಕಾ ಅನ್ನುವುದು ನನ್ನ ಪ್ರಶ್ನೆ. ಈಗ ಹೆಚ್ಚಿನ ಪ್ರೋಗ್ರಾಂ ಬರುವುದು ಡ್ರಾಯಿಂಗ್‌ನಿಂದ ಜಿ-ಕೋಡ್ ಮಾಡಿಕೊಡುವ ಕ್ಯಾಮ್ ಸಾಫ್ಟ್‌ವೇರ್‌ನಿಂದ. ಮೋಲ್ಡ್ ಕೆಲಸದಲ್ಲಿ ಒಂದು ಫೈಲ್ ಅಂದರೆ ಲಕ್ಷಗಟ್ಟಲೆ ಸಾಲು, ಒಂದೊಂದು ಸಾಲಿನಲ್ಲೂ ಮಿಲಿಮೀಟರಿನ ಸಣ್ಣ ಸಣ್ಣ ತುಂಡು. ಅದನ್ನು ಹಾಳೆ ಹಿಡಿದು ಯಾರು ಓದುತ್ತಾರೆ?

ನಮ್ಮಲ್ಲಿ ನಿಯಮ ಒಂದೇ. ನಡುವಿನಿಂದ ಶುರು ಮಾಡಬೇಕಾದರೆ ಟೂಲ್ ಚೇಂಜ್ ಸಾಲಿಗೇ ಹೋಗಿ. ಪ್ರತಿ ಟೂಲ್‌ಗೂ ಮೊದಲು ಸೇಫ್ಟಿ ಲೈನ್ (ಎನ್10ರಂತೆ ಹಳೇ ಕೋಡ್‌ಗಳನ್ನು ಸರಿಪಡಿಸುವ ಸಾಲು) ಬರುವ ಹಾಗೆ ಪೋಸ್ಟ್ ಪ್ರೊಸೆಸರ್ (ಕ್ಯಾಮ್‌ನಲ್ಲಿ ಜಿ-ಕೋಡ್ ಬರೆಯುವ ಭಾಗ) ಮಾಡಿಟ್ಟಿದ್ದೇವೆ. ಅಷ್ಟು ಪಾಲಿಸಿದರೆ ಈ ಒಗಟಿನ ಪ್ರಶ್ನೆಯೇ ಏಳುವುದಿಲ್ಲ.

ಸೆಟ್ಟರ್_ಶಿಫ್ಟ್2

ಕ್ಯಾಮ್_ಟೇಬಲ್ ಸರ್, ನಿಯಮ ಒಳ್ಳೆಯದು, ನಾನೂ ಅದನ್ನೇ ಪಾಲಿಸುತ್ತೇನೆ. ಆದರೆ ನಾಲ್ಕು ಗಂಟೆ ಫಿನಿಶಿಂಗ್ ಪಾಸ್‌ನಲ್ಲಿ ಮೂರನೇ ಗಂಟೆಗೆ ಬಾಲ್‌ನೋಸ್ ಕಟರ್ ಮುರಿಯಿತು ಅಂತ ಇಟ್ಟುಕೊಳ್ಳಿ. ಟೂಲ್ ಚೇಂಜ್‌ನಿಂದ ಮತ್ತೆ ಓಡಿಸಿದರೆ ಮೂರು ಗಂಟೆ ಗಾಳಿಯಲ್ಲೇ ಹೋಗುತ್ತದೆ. ಆಗ ನಡುವಿನಿಂದಲೇ ಹೋಗಬೇಕು. ಪ್ರೋಗ್ರಾಂ ರೀಸ್ಟಾರ್ಟ್ ಫಂಕ್ಷನ್ ಇದೆ ನಿಜ. ಫ್ಯಾನಕ್‌ನಲ್ಲಿ ಅದು ಮೇಲಿನಿಂದ ಎಲ್ಲ ಸಾಲನ್ನೂ ಓದಿ ಸ್ಥಿತಿ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಎಂ, ಎಸ್, ಟಿ ಕೋಡ್‌ಗಳನ್ನು ಪರದೆ ಮೇಲೆ ತೋರಿಸುತ್ತದೆ ಅಷ್ಟೇ. ಸ್ಪಿಂಡಲ್ ತಿರುಗಿಸುವುದು, ಕೂಲಂಟ್ ಹಾಕುವುದು ಆಪರೇಟರ್ ಕೆಲಸ. ಆಮೇಲೆ ಒಂದೊಂದೇ ಆಕ್ಸಿಸ್ ಆ ಪಾಯಿಂಟ್‌ಗೆ ಬರುತ್ತದೆ. ಯಾವ ಆಕ್ಸಿಸ್ ಮೊದಲು ಬರುತ್ತದೆ, ದಾರಿಯಲ್ಲಿ ಕ್ಲಾಂಪ್ ಇದೆಯಾ ಅನ್ನುವುದನ್ನು ನೋಡುವವರು ಯಾರು? ಆ ಸ್ಥಿತಿ ಸರಿಯಿದೆಯಾ ಅಂತ ಪರದೆ ನೋಡಿ ಹೇಳೋಕಾದರೂ ಓದುವುದು ಗೊತ್ತಿರಬೇಕು.

ನಿಮ್ಮ ಪೋಸ್ಟ್ ಸೇಫ್ಟಿ ಲೈನ್ ಹಾಕುತ್ತದೆ ಅಂದಿರಿ. ಟ್ರೇನಿ ಅವರ ಪ್ರೋಗ್ರಾಂನಲ್ಲೂ ಎನ್10 ಇದೆ. ಆದರೆ ಎನ್30ರಲ್ಲಿ ಏನು ಇಲ್ಲ ಅಂತ ನೋಡಿದಿರಾ?

ಪೇಪರ್_ಟೇಪ್

ಈ ಉಳಿದುಕೊಳ್ಳುವ ಗುಣ ಯಾಕೆ ಬಂತು ಅಂತ ಗೊತ್ತಾದರೆ ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಎಂಐಟಿಯಲ್ಲಿ ಸಂಖ್ಯೆಗಳಿಂದ ಓಡುವ ಮಿಲ್ಲಿಂಗ್ ಮಷಿನ್ ತೋರಿಸಿದ್ದು 1952ರಲ್ಲಿ. ಅದರ ಹಿಂದೆ ಇದ್ದದ್ದು ಜಾನ್ ಪಾರ್ಸನ್ಸ್ ಅವರ ಯೋಚನೆ. ಹೆಲಿಕಾಪ್ಟರ್ ರೋಟರ್ ಬ್ಲೇಡ್‌ನ ಆಕಾರ ಪರೀಕ್ಷಿಸೋ ಟೆಂಪ್ಲೇಟ್‌ಗಳನ್ನು ಲೆಕ್ಕ ಹಾಕಿದ ಪಾಯಿಂಟ್‌ಗಳಿಂದ ಮಾಡೋಕೆ ಹೊರಟಾಗ ಅದು ಹುಟ್ಟಿತು. ಆಗ ಪ್ರೋಗ್ರಾಂ ಇರುತ್ತಿದ್ದುದು ತೂತು ಹೊಡೆದ ಕಾಗದದ ಟೇಪ್ ಮೇಲೆ. ಆಮೇಲೆ ಎಲ್ಲೆಡೆ ಬಳಕೆಗೆ ಬಂದ ಟೇಪ್ ಒಂದಿಂಚು ಅಗಲದ್ದು, ಅಡ್ಡಕ್ಕೆ ಎಂಟು ತೂತಿನ ಜಾಗ. ಉದ್ದಕ್ಕೆ ಒಂದಿಂಚಿಗೆ ಹತ್ತು ಅಕ್ಷರ. 12,000 ಅಕ್ಷರದ ಪ್ರೋಗ್ರಾಂ ಅಂದರೆ 100 ಅಡಿ ಟೇಪ್! ಅಕ್ಷರ ಜಾಸ್ತಿಯಾದರೆ ಟೇಪ್ ಉದ್ದ, ಓದೋಕೆ ಸಮಯ, ಹರಿಯುವ ಭಯ. ಹೇಳಿದ್ದನ್ನೇ ಮತ್ತೆ ಹೇಳದೆ ಬದಲಾದದ್ದನ್ನಷ್ಟೇ ಬರೆದರೆ ಎಷ್ಟೋ ಅಡಿ ಉಳಿಯುತ್ತಿತ್ತು.

ಟೇಪ್ ಹೋದರೂ ಅದರ ಗುರುತು ಉಳಿದಿದೆ. ಪ್ರೋಗ್ರಾಂ ಶುರುವಲ್ಲಿ, ಕೊನೆಯಲ್ಲಿ ಶೇಕಡಾ ಚಿಹ್ನೆ ಹಾಕುತ್ತೀರಲ್ಲ, ಅದು ಟೇಪ್ ಸುತ್ತಿಕೊಂಡು ಬಂದು ನಿಲ್ಲಬೇಕಾದ ಜಾಗ. ಎಂ02 ಅಂದರೆ ಪ್ರೋಗ್ರಾಂ ಮುಗಿಯಿತು, ಎಂ30 ಅಂದರೆ ಮುಗಿಯಿತು ಮತ್ತು ಟೇಪ್ ಹಿಂದಕ್ಕೆ ಸುತ್ತು. ಈಗ ಕರ್ಸರ್ ಮೇಲಕ್ಕೆ ಹೋಗುವುದೇ ಆ ಸುತ್ತುವಿಕೆ.

1980ರಲ್ಲಿ ಇಐಎ ಸಂಸ್ಥೆಯ ಆರ್‌ಎಸ್-274-ಡಿ, 1982ರಲ್ಲಿ ಐಎಸ್‌ಒ 6983 ಬಂದವು. ಆದರೆ ಆ ಮಾನದಂಡಗಳು ಕೆಲವು ಕೋಡ್‌ಗಳನ್ನು ಕಂಟ್ರೋಲ್ ಮಾಡುವವರ ಇಷ್ಟಕ್ಕೆ ಬಿಟ್ಟವು. ಹಾಗಾಗಿ ಒಂದೇ ಜಿ71 ಫ್ಯಾನಕ್ ಲೇತ್‌ನಲ್ಲಿ ರಫಿಂಗ್ ಸೈಕಲ್, ಸೀಮೆನ್ಸ್‌ನಲ್ಲಿ ಮೆಟ್ರಿಕ್ ಅಳತೆ. ಕೋಡ್ ನಂಬರ್ ಕೇಳಿದ ಕೂಡಲೇ ಅರ್ಥ ಹೇಳಬೇಡಿ. ಮೊದಲು ಯಾವ ಕಂಟ್ರೋಲ್ ಅಂತ ಕೇಳಿ.

ಇನ್ನೊಂದು ಮಾತು, ಕ್ಯಾಮ್_ಟೇಬಲ್ ಅವರಿಗೆ. ಹಳೇ ಮಷಿನ್‌ಗಳಿಗೆ ಕೇಬಲ್‌ನಲ್ಲಿ ಡ್ರಿಪ್ ಫೀಡ್ (ಮಷಿನ್ ಓಡುತ್ತಿರುವಾಗಲೇ ಕಂಪ್ಯೂಟರ್‌ನಿಂದ ಸಾಲುಗಳನ್ನು ಕಳಿಸುವುದು) ಮಾಡುವವರು ಇನ್ನೂ ಇದ್ದಾರೆ. 9600 ಬಾಡ್‌ನಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಬರುತ್ತದೆ. ಸಾಲಿಗೆ 24 ಅಕ್ಷರ ಅಂದರೆ ಸೆಕೆಂಡಿಗೆ 40 ಸಾಲು. ಸಾಲಿಗೆ 0.1 ಎಂಎಂ ಚಲನೆ ಇದ್ದರೆ ಸೆಕೆಂಡಿಗೆ 4 ಎಂಎಂ, ನಿಮಿಷಕ್ಕೆ 240. ಎಫ್2000 ಬರೆದರೂ ಅದಕ್ಕಿಂತ ಜೋರು ಹೋಗುವುದಿಲ್ಲ, ತಡವರಿಸುತ್ತದೆ. ಅದಕ್ಕಿಂತ ಮುಖ್ಯ, ಡ್ರಿಪ್ ಫೀಡ್‌ನಲ್ಲಿ ಮೇಲಿನ ಸಾಲುಗಳು ಮಷಿನ್ ಹತ್ತಿರ ಇರುವುದೇ ಇಲ್ಲ. ನಡುವಿನಿಂದ ಶುರು ಮಾಡಬೇಕಾದರೆ ಫೈಲ್ ಕತ್ತರಿಸಿ, ತಲೆಭಾಗವನ್ನು ಕೈಯಾರೆ ಬರೆಯಬೇಕು. ಅಲ್ಲಿ ಸೆಟ್ಟರ್ ಅವರ ಹಾಳೆ ಇಲ್ಲದೆ ಕೆಲಸ ನಡೆಯುವುದಿಲ್ಲ.

ಹಳೇ_ಟರ್ನರ್

ಲೇತ್ ಕಡೆಯವರೂ ಇದನ್ನು ಓದುತ್ತಾರೆ ಅಂತ ಎಚ್ಚರಿಕೆ ಹೇಳುತ್ತೇನೆ. ಮಿಲ್ಲಿಂಗ್‌ನಲ್ಲಿ ಕಲಿತ ಜಿ90, ಜಿ91 ತಗೊಂಡು ಲೇತ್‌ಗೆ ಬರಬೇಡಿ. ಫ್ಯಾನಕ್ ಲೇತ್‌ನ ಸಿಸ್ಟಂ ಎ-ನಲ್ಲಿ ಜಿ90 ಅಂದರೆ ಟರ್ನಿಂಗ್ ಸೈಕಲ್, ಜಿ92 ಥ್ರೆಡ್ ಸೈಕಲ್, ಜಿ94 ಫೇಸಿಂಗ್ ಸೈಕಲ್. ಅಬ್ಸೊಲ್ಯೂಟ್ ಬೇಕಾದರೆ ಎಕ್ಸ್, ಝಡ್ ಬರೆಯುತ್ತೀರಿ, ಇನ್‌ಕ್ರಿಮೆಂಟಲ್ ಬೇಕಾದರೆ ಯು, ಡಬ್ಲ್ಯು. ಸೇಫ್ಟಿ ಲೈನ್ ಅಂತ ಅಭ್ಯಾಸಬಲದಿಂದ ಜಿ90 ಬರೆದು, ಅದರ ಕೆಳಗೆ ಬರೀ ಎಕ್ಸ್ ಝಡ್ ಬರೆದರೆ ಸೈಕಲ್ ಶುರುವಾಗಿಬಿಡುತ್ತದೆ.

ಉಳಿದುಕೊಳ್ಳುವ ಕೋಡ್ ಲೇತ್‌ನಲ್ಲಿ ಎಷ್ಟು ಕಾಡುತ್ತದೆ ಅಂತ ನೋಡಬೇಕಾದರೆ ಜಿ98, ಜಿ99 ನೋಡಿ. ಮಿಲ್‌ನಲ್ಲಿ ಅವು ಡ್ರಿಲ್ ಎಷ್ಟು ಎತ್ತರಕ್ಕೆ ವಾಪಸ್ ಬರಬೇಕು ಅನ್ನುತ್ತವೆ. ಲೇತ್‌ನಲ್ಲಿ ಜಿ98 ಅಂದರೆ ನಿಮಿಷಕ್ಕೆ ಇಷ್ಟು ಫೀಡ್, ಜಿ99 ಅಂದರೆ ಒಂದು ಸುತ್ತಿಗೆ ಇಷ್ಟು. ಎಫ್0.2 ಬರೆದಿದ್ದೀರಿ, ಜಿ98 ಉಳಿದುಕೊಂಡಿದೆ. ಟೂಲ್ ನಿಮಿಷಕ್ಕೆ 0.2 ಎಂಎಂ ಹೋಗುತ್ತದೆ, ಮಷಿನ್ ನಿಂತೇಹೋಯಿತು ಅನ್ನಿಸುತ್ತದೆ. ಅದು ಪರವಾಗಿಲ್ಲ. ತಿರುಗಾಮುರುಗಾ ಆದರೆ? ಜಿ99 ಉಳಿದಿದೆ, ಎಫ್120 ಬಂತು. ಸುತ್ತಿಗೆ 120 ಎಂಎಂ! ಟೂಲ್ ಹಿಡಿದಿರುವ ಟರೆಟ್ ತನ್ನ ಗರಿಷ್ಠ ಫೀಡ್‌ನಲ್ಲಿ ಜಾಬ್ ಮೇಲೆ ನುಗ್ಗುತ್ತದೆ.

ನನಗೆ ಅದಕ್ಕಿಂತ ಭಯ ಜಿ96 ಕಂಡರೆ, ಅಂದರೆ ಡಯಾ ಎಷ್ಟಿದ್ದರೂ ಕಟಿಂಗ್ ಸ್ಪೀಡ್ ಒಂದೇ ಇಡುವ ಕೋಡ್. ಕಟಿಂಗ್ ಸ್ಪೀಡ್ ನಿಮಿಷಕ್ಕೆ 200 ಮೀಟರ್ ಅಂತ ಕೊಟ್ಟರೆ ಡಯಾ 50ರಲ್ಲಿ 1273 ಆರ್‌ಪಿಎಂ. ಫೇಸಿಂಗ್ ಮಾಡುತ್ತಾ ಡಯಾ 10ಕ್ಕೆ ಬಂದಾಗ 6366. ಡಯಾ 5ರಲ್ಲಿ 12,732 ಕೇಳುತ್ತದೆ. ಸೆಂಟರ್ ಹತ್ತಿರ ಹೋದಷ್ಟೂ ಮೇಲೇರುತ್ತಲೇ ಹೋಗುತ್ತದೆ. ಅದಕ್ಕೆ ಮೊದಲೇ ಜಿ50 ಎಸ್2500 ಅಂತ ಮಿತಿ ಹಾಕುತ್ತೇವೆ. ಆ ಜಿ50 ಸಾಲು ಇರುವುದು ಪ್ರೋಗ್ರಾಂನ ತಲೆಯಲ್ಲಿ. ಬೆಳಿಗ್ಗೆ ಪವರ್ ಹಾಕಿ ನೇರವಾಗಿ ನಡುವಿನಿಂದ ಶುರು ಮಾಡಿದರೆ ಆ ಮಿತಿ ಹೇಳಿದವರೇ ಇಲ್ಲ, ಮಷಿನ್ ತನ್ನ ಪೂರ್ತಿ ಸ್ಪೀಡ್‌ವರೆಗೆ ಹೋಗುತ್ತದೆ. ಚಕ್‌ನ ಜಾಗಳನ್ನು ಹೊರಕ್ಕೆ ಎಳೆಯುವ ಬಲ ಸ್ಪೀಡ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸ್ಪೀಡ್ ಎರಡರಷ್ಟಾದರೆ ಬಲ ನಾಲ್ಕರಷ್ಟು. ಅಷ್ಟು ಹಿಡಿತ ಕಡಿಮೆಯಾಗುತ್ತದೆ. ದೊಡ್ಡ ಜಾಬ್ ಕೈಬಿಟ್ಟರೆ ಬಾಗಿಲಿನ ಗಾಜು ತಡೆಯುತ್ತದೆ ಅಂತ ನಂಬಿ ನಿಲ್ಲಬೇಡಿ. ಲೇತ್‌ನಲ್ಲಿ ಪ್ರತಿ ಟೂಲ್‌ನ ಶುರುವಿಗೂ ಜಿ50 ಬರೆಯಿರಿ. ಒಂದು ಸಾಲು ಜಾಸ್ತಿ ಆಗಲಿ, ನಷ್ಟ ಏನಿಲ್ಲ.

ರೂಟರ್_ಹವ್ಯಾಸಿ

ನಾನು ಫ್ಯಾಕ್ಟರಿಯವನಲ್ಲ, ಸಣ್ಣ ಮರಗೆಲಸದ ರೂಟರ್ ಇದೆ, ಜಿಆರ್‌ಬಿಎಲ್ ಕಂಟ್ರೋಲ್. ಟ್ರೇನಿ ಅವರ ಪ್ರೋಗ್ರಾಂ ನನ್ನದರಲ್ಲಿ ಓಡಿಸಲು ಹೋದರೆ ಎನ್20ರಲ್ಲೇ ಎರರ್ ಬರುತ್ತದೆ, ಯಾಕಂದರೆ ಎಂ06 ಇದರಲ್ಲಿಲ್ಲ. ಜಿ43 ಎಚ್2, ಜಿ81 ಥರದ ಸೈಕಲ್ ಕೂಡ ಇಲ್ಲ. ಆದರೆ ಒಂದು ಅನುಕೂಲ ಇದೆ. ಡಾಲರ್ ಚಿಹ್ನೆ ಮತ್ತು ಜಿ ಕಳಿಸಿದರೆ ಆಗ ಆನ್ ಇರುವ ಕೋಡ್‌ಗಳೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಸೆಟ್ಟರ್ ಅವರ ಹಾಳೆಯನ್ನು ಮಷಿನ್ನೇ ಬರೆದುಕೊಟ್ಟ ಹಾಗೆ. ರೀಸೆಟ್ ಮಾಡಿದರೆ ಜಿ00, ಜಿ54, ಜಿ17, ಜಿ21, ಜಿ90, ಜಿ94ಕ್ಕೆ ವಾಪಸ್ ಬರುತ್ತದೆ.

ಒಂದು ಪ್ರಶ್ನೆ. ಇಲ್ಲಿ ಎಕ್ಸ್65. ಅಂತ ಕೊನೆಗೆ ಚುಕ್ಕಿ ಇಟ್ಟಿದ್ದಾರೆ. ನಾನು ಎಕ್ಸ್65 ಅಂತ ಬರೆದರೂ 65 ಎಂಎಂ ಹೋಗುತ್ತದೆ. ಆ ಚುಕ್ಕಿ ಯಾಕೆ?

ಹಳೇ_ಟರ್ನರ್

ಆ ಚುಕ್ಕಿಯನ್ನು ಮರೆತರೆ ಫ್ಯಾನಕ್ ಕ್ಷಮಿಸುವುದಿಲ್ಲ. ಚುಕ್ಕಿ ಇಲ್ಲದ ಸಂಖ್ಯೆಯನ್ನು ಅದು ಮಷಿನ್‌ನ ಅತಿ ಸಣ್ಣ ಅಳತೆಯಲ್ಲಿ ಎಣಿಸುವ ಹಾಗೆ ಇಟ್ಟಿರುತ್ತಾರೆ. ಎಕ್ಸ್65 ಅಂದರೆ 65 ಮೈಕ್ರಾನ್, ಅಂದರೆ 0.065 ಎಂಎಂ. ಪ್ಯಾರಾಮೀಟರ್ 3401ರಲ್ಲಿ ಒಂದು ಬಿಟ್ ಬದಲಾಯಿಸಿದರೆ 65 ಎಂಎಂ ಅಂತಲೇ ಓದುತ್ತದೆ. ಪಕ್ಕಪಕ್ಕದ ಎರಡು ಮಷಿನ್‌ನಲ್ಲಿ ಆ ಬಿಟ್ ಬೇರೆ ಬೇರೆ ಇರಬಹುದು. ಹಾಗಾಗಿ ಯಾವ ಮಷಿನ್ ಆದರೂ ಚುಕ್ಕಿ ಇಡುವ ಅಭ್ಯಾಸ ಮಾಡಿಕೊಳ್ಳಿ.

ನಿಮಗೂ ಒಂದು ಹೇಳುತ್ತೇನೆ. ಫ್ಯಾನಕ್‌ನಲ್ಲಿ ಜಿ04 ಪಿ1000 ಅಂದರೆ ಒಂದು ಸೆಕೆಂಡ್ ನಿಲ್ಲು, ಪಿ ಎಣಿಕೆ ಮಿಲಿಸೆಕೆಂಡ್‌ನಲ್ಲಿ. ನಿಮ್ಮ ಜಿಆರ್‌ಬಿಎಲ್‌ನಲ್ಲಿ ಪಿ ಅಂದರೆ ಸೆಕೆಂಡ್. ಫ್ಯಾಕ್ಟರಿ ಪ್ರೋಗ್ರಾಂನಿಂದ ಆ ಸಾಲು ಎತ್ತಿಕೊಂಡರೆ ರೂಟರ್ 1000 ಸೆಕೆಂಡ್ ನಿಲ್ಲುತ್ತದೆ, ಹದಿನಾರು ನಿಮಿಷಕ್ಕಿಂತ ಜಾಸ್ತಿ. ಮರದಲ್ಲಿ ಕಟರ್ ತಿರುಗುತ್ತಾ ನಿಂತರೆ ಸುಟ್ಟ ವಾಸನೆ ಬರೋಕೆ ಅಷ್ಟು ಹೊತ್ತು ಬೇಡ.

ಟ್ರೇನಿ_ವಿಎಂಸಿ

ಹಾಳೆ ಹಿಡಿದು ಕೂತೆ. ಎನ್100ರಲ್ಲಿ ಜಿ28 ಆ ಸಾಲಿಗೇ ಮುಗಿಯುತ್ತದೆ. ಜಿ91 ಉಳಿದುಕೊಳ್ಳುತ್ತದೆ! ಎನ್30ರಿಂದ ಶುರು ಮಾಡಿದರೆ ಎನ್10ರ ಜಿ90 ಓದುವುದೇ ಇಲ್ಲ. ಹಾಗಾಗಿ ಎಲ್ಲ ಸಂಖ್ಯೆಯೂ ಇದ್ದ ಜಾಗದಿಂದ ಇಷ್ಟು ದೂರ ಅನ್ನುವ ಅರ್ಥದಲ್ಲಿ ಹೋಗುತ್ತದೆ.

ನನ್ನ ಓದು ಹೀಗಿದೆ, ತಪ್ಪಿದ್ದರೆ ಹೇಳಿ.

ಶುರುವಿನಲ್ಲಿ ಡ್ರಿಲ್ ಕೊನೆಯ ಹೋಲ್ ಮೇಲಿದೆ, ಎಕ್ಸ್15 ವೈ45. ಝಡ್ ಹೋಮ್‌ನಲ್ಲಿದೆ. ಎನ್30: ಎಕ್ಸ್0 ವೈ0 ಅಂದರೆ ಇದ್ದಲ್ಲಿಂದ ಸೊನ್ನೆ ದೂರ, ಟೇಬಲ್ ಅಲ್ಲಾಡುವುದಿಲ್ಲ. ಸ್ಪಿಂಡಲ್ ಮಾತ್ರ ತಿರುಗುತ್ತದೆ. ಎನ್40: ಝಡ್ 50 ಮೇಲಕ್ಕೆ, ಜೊತೆಗೆ ಎಚ್2 ಸೇರುತ್ತದೆ. ಇಲ್ಲಿ ನನಗೆ ಗೊಂದಲ, ಆದರೂ ಅಲ್ಲಿಂದ ಮುಂದಕ್ಕೆ ಹೋದರೆ: ಎನ್50ರಲ್ಲಿ ಎಕ್ಸ್ 15 ಸೇರಿ 30, ವೈ 15 ಸೇರಿ 60. ಎನ್60ರಲ್ಲಿ ಎಕ್ಸ್ 95. ಎನ್70ರಲ್ಲಿ ವೈ 105. ಎನ್80ರಲ್ಲಿ ಎಕ್ಸ್ 110. ನಾಲ್ಕರಲ್ಲಿ ಒಂದು ಜಾಗವೂ ಡ್ರಾಯಿಂಗ್‌ನಲ್ಲಿಲ್ಲ.

ಆಳ ಹೇಗೆ ಅಂತ ಗೊತ್ತಾಗಲಿಲ್ಲ. ಝಡ್-12 ಎಲ್ಲಿಂದ ಅಳೆಯಬೇಕು?

ಸೆಟ್ಟರ್_ಶಿಫ್ಟ್2

ಶಭಾಷ್! ಎಕ್ಸ್ ವೈ ಪೂರ್ತಿ ಸರಿ.

ಆಳದ ವಿಷಯ. ಜಿ91ರಲ್ಲಿ ಸೈಕಲ್‌ನ ಆರ್ ಅಳೆಯುವುದು ಸೈಕಲ್ ಶುರುವಾದಾಗ ಟೂಲ್ ಇದ್ದ ಎತ್ತರದಿಂದ, ಝಡ್ ಅಳೆಯುವುದು ಆರ್ ಪಾಯಿಂಟ್‌ನಿಂದ. ಆರ್3. ಅಂದರೆ ಮೂರು ಎಂಎಂ ಮೇಲಕ್ಕೆ ಹೋಗು, ಝಡ್-12. ಅಂದರೆ ಅಲ್ಲಿಂದ 12 ಕೆಳಗೆ. ಟೂಲ್ ಝಡ್50ರಲ್ಲಿ ಇತ್ತು ಅಂದರೆ 53ಕ್ಕೆ ಏರಿ 41ಕ್ಕೆ ಇಳಿಯುತ್ತದೆ. ಜಾಬ್‌ನಿಂದ ನಾಲ್ಕು ಸೆಂಟಿಮೀಟರ್ ಮೇಲೆ, ಗಾಳಿಯಲ್ಲಿ ನಾಲ್ಕು ಹೋಲ್.

ಈಗ ನಿಮ್ಮ ಎನ್40 ಗೊಂದಲ. ನಿಮ್ಮಲ್ಲಿ ಎಚ್ ಆಫ್‌ಸೆಟ್ ಹೇಗೆ ತೆಗೆಯುತ್ತಾರೆ ಅನ್ನುವುದರ ಮೇಲೆ ಉತ್ತರ ನಿಂತಿದೆ. ಪ್ರೀಸೆಟ್ಟರ್‌ನಲ್ಲಿ ಟೂಲ್ ಉದ್ದ ಅಳೆದು ಹಾಕುವವರಾದರೆ ಎಚ್2 ಪ್ಲಸ್, 140 ಅಂತ ಇಟ್ಟುಕೊಳ್ಳಿ. ಆಗ 50 ಮತ್ತು 140 ಸೇರಿ 190 ಎಂಎಂ ಮೇಲಕ್ಕೆ ಹೋಗು ಅಂತ ಆಯಿತು. ಝಡ್ ಆಗಲೇ ಹೋಮ್‌ನಲ್ಲಿದೆ. ಓವರ್ ಟ್ರಾವೆಲ್ ಅಲಾರಂ ಬಂದು ಅಲ್ಲೇ ನಿಲ್ಲುತ್ತದೆ. ಟೂಲನ್ನು ಹೋಮ್‌ನಿಂದ ಇಳಿಸಿ ಜಾಬ್‌ಗೆ ಮುಟ್ಟಿಸಿ ಆಫ್‌ಸೆಟ್ ತೆಗೆಯುವವರಾದರೆ ಎಚ್2 ಮೈನಸ್, ಉದಾಹರಣೆಗೆ -320. ಆಗ 50ರಲ್ಲಿ 320 ಕಳೆದು ಹೋಮ್‌ನಿಂದ 270 ಕೆಳಗೆ ಬರುತ್ತದೆ. ಅದು ಸರಿಯಾಗಿ ಜಾಬ್‌ನಿಂದ 50 ಎತ್ತರವೇ. ಪರದೆಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ನಿಮ್ಮ ಸೀನಿಯರ್ ತೋರಿಸಬೇಕು ಅಂದುಕೊಂಡದ್ದು ಇದೇ ಇರಬೇಕು. ಒಂದೇ ಸಾಲು, ಒಂದು ಮಷಿನ್‌ನಲ್ಲಿ ಅಲಾರಂ, ಇನ್ನೊಂದರಲ್ಲಿ ಏನೂ ಆಗದ ಹಾಗೆ ಮುಂದಕ್ಕೆ.

ಈ ಪ್ರೋಗ್ರಾಂ ಗಾಳಿಯಲ್ಲಿ ಮುಗಿಯಿತು ಅಂತ ಸಮಾಧಾನ ಬೇಡ. ಜಾಬ್ ಪಕ್ಕದಲ್ಲಿ ಎತ್ತರದ ಕ್ಲಾಂಪ್ ಇದ್ದು, ಎಕ್ಸ್110 ವೈ105 ಅದರ ಮೇಲೇ ಬಂದರೆ?

ಪ್ರೋಗ್ರಾಂನಲ್ಲಿ ನಾನಾದರೆ ಎರಡು ಕಡೆ ತಿದ್ದುತ್ತೇನೆ. ಎನ್30ನ್ನು ಜಿ90 ಜಿ54 ಜಿ00 ಎಂದು ಶುರು ಮಾಡುತ್ತೇನೆ. ಎನ್100ರ ಕೆಳಗೆ ಬರೀ ಜಿ90 ಇರುವ ಒಂದು ಸಾಲು ಸೇರಿಸುತ್ತೇನೆ.

ಜಿ91 ತೊಂದರೆ ಕೊಟ್ಟಿತು ಅಂತ ಅದನ್ನು ತೆಗೆದು ಎನ್100ನ್ನು ಜಿ90 ಜಿ28 ಝಡ್0 ಅಂತ ಮಾತ್ರ ಬರೆಯಬೇಡಿ. ಜಿ28 ನೇರವಾಗಿ ಹೋಮ್‌ಗೆ ಹೋಗುವುದಿಲ್ಲ, ಅದರ ಜೊತೆ ಬರೆದ ಪಾಯಿಂಟ್ ಮೂಲಕ ಹೋಗುತ್ತದೆ. ಜಿ91 ಇದ್ದರೆ ಝಡ್0 ಅಂದರೆ ಇದ್ದ ಜಾಗವೇ, ಅಲ್ಲಿಂದ ಸೀದಾ ಮೇಲಕ್ಕೆ. ಜಿ90 ಇದ್ದರೆ ಝಡ್0 ಅಂದರೆ ಜಾಬ್‌ನ ಮೇಲ್ಮೈ. ಡ್ರಿಲ್ ಮೊದಲು ರ‍್ಯಾಪಿಡ್‌ನಲ್ಲಿ ಜಾಬ್‌ವರೆಗೂ ಇಳಿದು, ಆಮೇಲೆ ಮೇಲೇರುತ್ತದೆ. ಎಂ05 ಜೊತೆಗೇ ಇರುವುದರಿಂದ ಸ್ಪಿಂಡಲ್ ನಿಲ್ಲುತ್ತಿರುವಾಗ.

ಕ್ಯಾಮ್_ಟೇಬಲ್

ಸೆಟ್ಟರ್ ಸರ್, ಎನ್30ರಲ್ಲಿ ಏನಿಲ್ಲ ಅಂತ ಕೇಳಿದಿರಲ್ಲ, ಹೋಗಿ ನಮ್ಮ ಪೋಸ್ಟ್ ತೆರೆದು ನೋಡಿದೆ. ನಮ್ಮದರಲ್ಲಿ ಟೂಲ್ ಚೇಂಜ್ ಆದ ಮೇಲಿನ ಮೊದಲ ಸಾಲಿನಲ್ಲಿ ಜಿ90 ಜಿ54 ಎರಡೂ ಬರುತ್ತವೆ. ಪ್ಲೇನ್ ಹೇಳುವ ಜಿ17 ಮಾತ್ರ ಪ್ರೋಗ್ರಾಂನ ತಲೆಯಲ್ಲಿ ಒಮ್ಮೆಯಷ್ಟೇ ಇದೆ. ಜಿ18ರಲ್ಲಿ ಆರ್ಕ್ ಮಾಡಿದ ಟೂಲ್ ಆದಮೇಲೆ ಬರುವ ಟೂಲ್‌ಗೆ ಅದು ಉಳಿದುಕೊಂಡರೆ ಡ್ರಿಲ್ ಸೈಕಲ್‌ನ ದಿಕ್ಕೇ ಬದಲಾಗಬಹುದು. ಪ್ರತಿ ಟೂಲ್‌ಗೂ ಜಿ17 ಬರುವಂತೆ ಇವತ್ತೇ ಮಾಡುತ್ತೇನೆ.

ನಡುವಿನಿಂದ ಶುರು ಮಾಡುವವರಿಗೆ ನನ್ನ ಕಡೆಯಿಂದ ಒಂದು ಮಾತು. ಕ್ಯಾಮ್ ಪರದೆಯಲ್ಲಿ ಜಿ00 ಎರಡು ಪಾಯಿಂಟ್ ನಡುವೆ ನೇರ ಗೆರೆಯಾಗಿ ಕಾಣುತ್ತದೆ. ಎಷ್ಟೋ ಫ್ಯಾನಕ್ ಮಷಿನ್‌ನಲ್ಲಿ ಅದು ಹಾಗೆ ಹೋಗುವುದಿಲ್ಲ. ಎಕ್ಸ್, ವೈ ಎರಡೂ ತಮ್ಮ ಪೂರ್ತಿ ರ‍್ಯಾಪಿಡ್‌ನಲ್ಲಿ ಹೊರಡುತ್ತವೆ, ದೂರ ಕಡಿಮೆ ಇರುವುದು ಮೊದಲು ಮುಗಿಸಿ ನಿಲ್ಲುತ್ತದೆ, ಇನ್ನೊಂದು ಒಂಟಿಯಾಗಿ ಮುಂದುವರಿಯುತ್ತದೆ. ದಾರಿ ಮೊಣಕೈಯಂತೆ ಮುರಿದಿರುತ್ತದೆ. ಎಕ್ಸ್ 100, ವೈ 30 ದೂರ, ಎರಡರ ವೇಗವೂ ಒಂದೇ ಅಂದರೆ ಮೊದಲ 30 ಎಂಎಂ 45 ಡಿಗ್ರಿಯಲ್ಲಿ, ಉಳಿದ 70 ಬರೀ ಎಕ್ಸ್. ನೇರ ಗೆರೆ ತಪ್ಪಿಸಿಕೊಂಡ ಕ್ಲಾಂಪನ್ನು ಈ ದಾರಿ ಮುಟ್ಟಬಹುದು. ಹಾಗಾಗಿ ನಡುವಿನಿಂದ ಶುರು ಮಾಡುವಾಗ ಝಡ್ ಮೇಲಿಟ್ಟೇ ಎಕ್ಸ್ ವೈಗೆ ಹೋಗಿ.

ಪೇಪರ್_ಟೇಪ್

ಅದರ ಜೊತೆಗೆ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು) ಆನ್, ರ‍್ಯಾಪಿಡ್ ಓವರ್‌ರೈಡ್ ಕೆಳಗೆ, ಕೈ ಫೀಡ್ ಹೋಲ್ಡ್ ಮೇಲೆ. ಝಡ್ ಇಳಿಯುವಾಗ ಅರ್ಧದಲ್ಲಿ ಫೀಡ್ ಹೋಲ್ಡ್ ಒತ್ತಿ, ಡಿಸ್ಟೆನ್ಸ್ ಟು ಗೋ (ಇನ್ನೆಷ್ಟು ದೂರ ಬಾಕಿ) ನೋಡಿ. ಪರದೆಯಲ್ಲಿ ಇನ್ನೂ 60 ಎಂಎಂ ಬಾಕಿ ಅಂತಿದೆ, ಕಣ್ಣಿಗೆ ಟೂಲ್ ಮತ್ತು ಜಾಬ್ ನಡುವೆ 20 ಕಾಣುತ್ತಿದೆ ಅಂದರೆ ಮುಂದೆ ಹೋಗಬೇಡಿ. ಎಚ್ ನಂಬರ್ ತಪ್ಪಾಗಿದ್ದರೆ ಸಿಕ್ಕಿಬೀಳುವುದು ಅಲ್ಲೇ.

ಟ್ರೇನಿ_ವಿಎಂಸಿ

ಎಲ್ಲರಿಗೂ ತುಂಬಾ ಧನ್ಯವಾದ. ಸೀನಿಯರ್‌ಗೆ ಉತ್ತರ ತೋರಿಸಿದೆ, ಒಪ್ಪಿದರು. ನಮ್ಮಲ್ಲಿ ಎಚ್ ಮೈನಸ್, ಮುಟ್ಟಿಸಿ ತೆಗೆಯುತ್ತಾರೆ. ಅಂದರೆ ಗಾಳಿಯಲ್ಲಿ ನಾಲ್ಕು ಹೋಲ್, ಅಲಾರಂ ಇಲ್ಲ. ಬಿಟ್ಟುಬಿಡಲಿಲ್ಲ, ಇನ್ನೊಂದು ಕೇಳಿದ್ದಾರೆ. ಎನ್100ರಲ್ಲಿ ಜಿ91 ಜಿ28 ಬದಲು ಜಿ53 ಜಿ00 ಝಡ್0 ಅಂತ ಬರೆದರೆ ಜಿ91 ಉಳಿಯುವ ಸಮಸ್ಯೆಯೇ ಇರುವುದಿಲ್ಲ, ಹಾಗಾದರೆ ಅದು ಯಾವಾಗಲೂ ಸುರಕ್ಷಿತವಾ ಅಂತ. ಜಿ53 ಮಷಿನ್ ಕೋಆರ್ಡಿನೇಟ್, ಝಡ್0 ಅಂದರೆ ಹೋಮ್. ಸುರಕ್ಷಿತ ಅಂತಲೇ ನನಗೆ ಕಾಣುತ್ತದೆ.

ಸೆಟ್ಟರ್_ಶಿಫ್ಟ್2

ಹಾಳೆಯಲ್ಲಿ ಜಿ90 ಇರುವವರೆಗೂ ಸುರಕ್ಷಿತ. ಜಿ91 ಆನ್ ಇರುವಾಗ ಬಂದ ಜಿ53 ಆದೇಶವನ್ನು ಫ್ಯಾನಕ್ ಕಡೆಗಣಿಸುತ್ತದೆ. ನೀವು ಹೋಮ್‌ಗೆ ಹೋಯಿತು ಅಂದುಕೊಳ್ಳುತ್ತೀರಿ, ಟೂಲ್ ಕೆಳಗೇ ಇರುತ್ತದೆ, ಮುಂದಿನ ಎಕ್ಸ್ ವೈ ಚಲನೆ ಅಲ್ಲಿಂದಲೇ ಹೊರಡುತ್ತದೆ. ಜಿ90 ಜಿ53 ಜಿ00 ಝಡ್0 ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಜಿ53 ಕೂಡ ಮೋಡಲ್ ಅಲ್ಲ, ಝಡ್ ಆದ ಮೇಲೆ ಮುಂದಿನ ಸಾಲಿನಲ್ಲಿ ಟೇಬಲ್ ಮುಂದಕ್ಕೆ ತರಬೇಕು ಅಂದರೆ ಅಲ್ಲೂ ಮತ್ತೆ ಬರೆಯಬೇಕು. ಬರೆಯದಿದ್ದರೆ ಆ ವೈ ಸಂಖ್ಯೆಯನ್ನು ಜಿ54 ಲೆಕ್ಕದಲ್ಲಿ ಓದುತ್ತದೆ.